ಗಾಳದ ಕೋಲು: ಒಂದು ವಿವೇಚನೆ

‘ಗಾಳ ಹಾಕುವುದು’ ಎಂಬ ಮಾತನ್ನು ನಾವೆಲ್ಲರೂ ಆಗಾಗ ಆಡುತ್ತಲೇ ಇರುತ್ತೇವೆ. ಚುನಾವಣೆಗೆ ನಿಂತವನು ಮತದಾರನಿಗೆ ಗಾಳ ಹಾಕುತ್ತಾನೆ. ವ್ಯಾಪಾರಿ ಗಿರಾಕಿಗೆ ಗಾಳ ಹಾಕುತ್ತಾನೆ. ಆದರೆ ನಿಜವಾದ ಗಾಳವನ್ನು ಕೈಯಲ್ಲಿ ಹಿಡಿದವರು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿ ಇದ್ದಾರು? ಹಿಡಿದವರೂ ಅದನ್ನು ಹೇಳಿಕೊಳ್ಳಲು ಸಂಕೋಚಪಡುತ್ತಾರೆ. ಮೀನು ಹಿಡಿಯುವುದು ಓದು ಬಾರದವರ ಕಸುಬು, ಇಲ್ಲವೇ ಕೆಲಸವಿಲ್ಲದವರ ಕಾಲಹರಣ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ಲೇಖನದಲ್ಲಿ ಅಮೆರಿಕ ದೇಶದ ಒಂದು ಬಗೆಯ ಗಾಳದ ಬೇಟೆಯನ್ನೂ ಅದಕ್ಕೆ ತಕ್ಕ ಸಲಕರಣೆಗಳನ್ನು ಆರಿಸುವ ಕ್ರಮವನ್ನೂ ವಿವರಿಸಲು ಯತ್ನಿಸಿದ್ದೇನೆ. ಒಂದು ಕೋಲನ್ನು ಆರಿಸುವುದರ ಹಿಂದೆ ಎಷ್ಟು ವಿಚಾರ ಅಡಗಿದೆ ಎಂಬುದು ಓದುಗರಿಗೆ ಮನದಟ್ಟಾದರೆ ನನ್ನ ಶ್ರಮ ಸಾರ್ಥಕ.

ಮೊದಲು ಮೀನಿನ ಪರಿಚಯ ಅಗತ್ಯ. ‘ದೊಡ್ಡ ಬಾಯಿಯ ಬಾಸ್’ ಎಂಬ ಈ ಮೀನು ಉತ್ತರ ಅಮೆರಿಕದ ಪೂರ್ವ ಹಾಗೂ ಮಧ್ಯಭಾಗದ ಸಿಹಿನೀರಿನದು. ಮೈ ಹಸುರು, ಪಕ್ಕದಲ್ಲಿ ಉದ್ದಕ್ಕೂ ಒಂದು ಕಪ್ಪು ಪಟ್ಟಿ. ಬಾಯಿಯ ಮೂಲೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಇದು ಬೇಟೆಯನ್ನು ಅಟ್ಟಿಸಿಕೊಂಡು ಬಹುದೂರ ಓಡುವ ಮೀನಲ್ಲ. ಮುಳುಗಿದ ಮರದ ಬೊಡ್ಡೆ, ಬಂಡೆ, ನೀರುಗಿಡಗಳ ಮರೆಯಲ್ಲಿ ಹೊಂಚುಹಾಕಿ ಕುಳಿತು, ಸಣ್ಣ ಮೀನು ಹತ್ತಿರ ಬಂದೊಡನೆ ಬಾಯನ್ನು ಫಕ್ಕನೆ ತೆರೆದು ನೀರಿನೊಡನೆ ಅದನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಈ ‘ಹೀರುವ’ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಕೋಲಿನ ವಿಚಾರ ಬಂದಾಗ ಇದರ ಉಪಯೋಗವಿದೆ. ಕಣ್ಣಿಗೆ ಕಾಣದ ಕದಡಿದ ನೀರಿನಲ್ಲಿಯೂ ಪಕ್ಕೆಯ ಮೇಲಿನ ಸೂಕ್ಷ್ಮ ರೇಖೆಯಿಂದ ನೀರಿನ ಕಂಪನವನ್ನು ಅರಿಯುವ ಶಕ್ತಿ ಇದಕ್ಕುಂಟು. 1932ರ ಜೂನ್ 2ರಂದು ಜಾರ್ಜಿಯ ಸಂಸ್ಥಾನದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ ಬಾಸ್ 22 ಪೌಂಡು 4 ಔನ್ಸು, ಎಂದರೆ ಸುಮಾರು 10 ಕಿಲೋಗ್ರಾಂ ತೂಗಿತು. ಆ ದಾಖಲೆಯನ್ನು ಸರಿಗಟ್ಟಲು 2009ರವರೆಗೆ ಯಾರಿಗೂ ಆಗಲಿಲ್ಲ.

ಇನ್ನು ಎರೆ. ನಮ್ಮ ಕಡೆ ಗಾಳಕ್ಕೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚುವುದು ವಾಡಿಕೆ. ಬಾಸ್ ಬೇಟೆಗಾರರು ಬಹುಮಟ್ಟಿಗೆ ಕೃತಕ ಎರೆಗಳನ್ನು ಬಳಸುತ್ತಾರೆ. ಅವುಗಳಲ್ಲಿ ‘ಕ್ರ್ಯಾಂಕ್‌ಬೈಟ್’ ಎಂಬುದು ಒಂದು. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ದಪ್ಪ ಹೊಟ್ಟೆಯ ಸಣ್ಣ ಮೀನಿನ ಬೊಂಬೆ ಇದು. ಮುಂಭಾಗದಲ್ಲಿ ಸೌಟಿನಂತೆ ಚಾಚಿದ ಒಂದು ತುಟಿ. ಹೊಟ್ಟೆಯಲ್ಲೊಂದು, ಬಾಲದಲ್ಲೊಂದು ಮುಕ್ಕವಲು ಕೊಕ್ಕೆ. ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ತೇಲುತ್ತದೆ. ದಾರವನ್ನು ಸುತ್ತತೊಡಗಿದರೆ ತುಟಿಗೆ ನೀರಿನ ಒತ್ತಡ ತಗುಲಿ, ಬೊಂಬೆ ತಲೆ ತಗ್ಗಿಸಿ ಆಳಕ್ಕಿಳಿಯುತ್ತದೆ. ಗಾಯಗೊಂಡ ಮೀನಿನಂತೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ತುಟಿ ಚಿಕ್ಕದಾಗಿ ಕೆಳಮುಖವಾಗಿದ್ದರೆ ಎರೆ ಮೇಲ್ಮಟ್ಟದಲ್ಲಿಯೇ ಓಡುತ್ತದೆ. ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಹೋಗುತ್ತದೆ. ರೀಲಿನ ಹಿಡಿಯನ್ನು ತಿರುಗಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಕ್ರ್ಯಾಂಕ್’ ಎನ್ನುವುದರಿಂದ ಇದಕ್ಕೆ ಈ ಹೆಸರು. 1960ರ ದಶಕದಲ್ಲಿ ಟೆನೆಸಿಯ ಫ್ರೆಡ್ ಯಂಗ್ ಎಂಬಾತ ಹಗುರವಾದ ಬಾಲ್ಸಾ ಮರದಲ್ಲಿ ಕೈಯಿಂದಲೇ ಕೆತ್ತಿದ ‘ಬಿಗ್ ಓ’ ಎಂಬ ಎರೆಗೆ ಬೇಟೆಗಾರರು ಮುಗಿಬಿದ್ದರು. 1970ರ ದಶಕದಲ್ಲಿ ಅದೇ ಮಾದರಿ ಪ್ಲಾಸ್ಟಿಕ್ಕಿನಲ್ಲಿ ಬಂದು ಎಲ್ಲರ ಕೈಗೂ ದೊರೆಯಿತು.

ಈಗ ಮುಖ್ಯ ವಿಷಯವಾದ ಕೋಲಿಗೆ ಬರೋಣ. ಕೋಲಿನ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಸ್ಥಾನವಿದೆಯೆಂಬುದು ಸ್ವಾರಸ್ಯದ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡುತ್ತಿದ್ದ ಅಮೆರಿಕದ ಕುಶಲಿಗಳು ಬಳಸಿದ್ದು ‘ಕಲ್ಕತ್ತೆಯ ಬಿದಿರು’ ಎಂದು ಹೆಸರಾದ ನಮ್ಮ ಬಿದಿರನ್ನು. ಮುಂದೆ ಚೀನಾದ ಟೊಂಕಿನ್ ಬಿದಿರು ಅದರ ಜಾಗವನ್ನು ಹಿಡಿಯಿತು. 1940ರ ದಶಕದಲ್ಲಿ ಗಾಜಿನ ಎಳೆಯ ಕೋಲುಗಳು ಬಂದವು. 1970ರ ದಶಕದಲ್ಲಿ ಇಂಗಾಲದ ಎಳೆಯ, ಎಂದರೆ ಗ್ರಾಫೈಟಿನ ಕೋಲುಗಳು ಬಂದವು. ಇವು ಗಾಜಿನವುಗಳಿಗಿಂತ ಹಗುರ, ಹೆಚ್ಚು ಗಡಸು. ನೀರಿನ ತಳದಲ್ಲಿ ಎರೆಗೆ ಕಲ್ಲು ತಾಗಿದರೂ ಕೈಗೆ ತಿಳಿಯುತ್ತದೆ. ಹೀಗಾಗಿ ಬೇಟೆಗಾರರಲ್ಲಿ ಬಹುಮಂದಿ ಹೊಸದನ್ನೇ ಕೊಂಡರು. ಆದರೆ ಕ್ರ್ಯಾಂಕ್‌ಬೈಟ್ ಎಸೆಯುವವರಲ್ಲಿ ಅನೇಕರು ಗಾಜಿನ ಎಳೆಯ ಕೋಲನ್ನು, ಇಲ್ಲವೇ ಗಾಜು ಇಂಗಾಲಗಳೆರಡನ್ನೂ ಬೆರೆಸಿದ ಕೋಲನ್ನು ಇಂದಿಗೂ ಬಿಟ್ಟಿಲ್ಲ. ಹೊಸದೂ ಹಗುರವೂ ಸೂಕ್ಷ್ಮವೂ ಆದುದನ್ನು ಬಿಟ್ಟು ಹಳೆಯದನ್ನೇ ಏಕೆ ಆರಿಸಬೇಕು?

ಇದನ್ನು ತಿಳಿಯಲು ಕೋಲಿನ ಎರಡು ಗುಣಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಬಲ, ಇನ್ನೊಂದು ಬಾಗು. ಕೋಲನ್ನು ಬಗ್ಗಿಸಲು ಎಷ್ಟು ಭಾರ ಬೇಕು ಎಂಬುದು ಬಲ. ಭಾರ ಬಿದ್ದಾಗ ಕೋಲು ಎಲ್ಲಿಂದ ಬಗ್ಗುತ್ತದೆ ಎಂಬುದು ಬಾಗು. ತುದಿ ಮಾತ್ರ ಬಗ್ಗಿ ಉಳಿದುದು ಸೆಟೆದು ನಿಂತರೆ ಅದು ‘ತೀವ್ರ’ ಬಾಗಿನ ಕೋಲು. ಹೆಚ್ಚು ಕಡಿಮೆ ನಡುವಿನವರೆಗೂ ಬಿಲ್ಲಿನಂತೆ ಬಳುಕಿದರೆ ‘ಮಧ್ಯಮ’ ಬಾಗಿನದು. ಕ್ರ್ಯಾಂಕ್‌ಬೈಟಿಗೆ ಬೇಕಾದುದು ಮಧ್ಯಮ ಬಾಗು. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಮೀನು ಎರೆಯನ್ನು ಹೀರಿಕೊಳ್ಳುವ ಕ್ಷಣ. ಬೇಟೆಗಾರ ದಾರವನ್ನು ಸುತ್ತುತ್ತಲೇ ಇರುವುದರಿಂದ ಎರೆ ಮುಂದಕ್ಕೆ ಓಡುತ್ತಿರುತ್ತದೆ. ಕೋಲು ಸೆಟೆದಿದ್ದರೆ ಮೀನು ಬಾಯಿ ಮುಚ್ಚುವ ಮೊದಲೇ ಎರೆ ಹೊರಕ್ಕೆ ಸೆಳೆಯಲ್ಪಡಬಹುದು. ಬಳುಕುವ ಕೋಲು ಒಂದಿಷ್ಟು ಸಡಿಲ ಕೊಟ್ಟು, ಎರೆ ಪೂರ್ಣವಾಗಿ ಒಳಹೋಗಲು ಅವಕಾಶ ಮಾಡುತ್ತದೆ. ಎರಡನೆಯದು ಕೊಕ್ಕೆಯ ಸ್ವಭಾವ. ಮುಕ್ಕವಲು ಕೊಕ್ಕೆ ಚಿಕ್ಕದು, ತೆಳುವಾದ ತಂತಿಯದು. ಅನೇಕ ವೇಳೆ ತುಟಿಯ ಅಂಚಿನ ಚರ್ಮಕ್ಕೆ ಮಾತ್ರ ಸಿಕ್ಕಿಕೊಂಡಿರುತ್ತದೆ. ಬಾಸ್ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವಿದಾಗ ಗಡಸು ಕೋಲಾದರೆ ಆ ಚರ್ಮ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಬಳುಕುವ ಕೋಲು ಜಗ್ಗಿದಾಗ ಬಾಗಿ, ಬಿಟ್ಟಾಗ ಮೇಲೆದ್ದು, ದಾರವನ್ನು ಒಂದೇ ಸಮನಾದ ಬಿಗಿಯಲ್ಲಿ ಇಟ್ಟಿರುತ್ತದೆ. ಮೂರನೆಯದು ಎಸೆತ. ಬಗ್ಗಿದ ಕೋಲು ಬಿಲ್ಲಿನಂತೆ ಶಕ್ತಿಯನ್ನು ಸಂಗ್ರಹಿಸಿ ಎರೆಯನ್ನು ದೂರಕ್ಕೆ ಚಿಮ್ಮಿಸುತ್ತದೆ.

ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ. ಹೊಳೆಯ ದಡದಲ್ಲಿಯೇ ಬಾಳಿದ ನನ್ನ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಗಾಳಕ್ಕೆ ಬಿದಿರು ಕಡಿಯುವಾಗ ಅವರು ಬುಡದ ದಪ್ಪವನ್ನು ನೋಡುತ್ತಿರಲಿಲ್ಲ; ತುದಿಯನ್ನು ಹಿಡಿದು ಬಗ್ಗಿಸಿ ಬಿಟ್ಟು, ಅದು ಹಿಂದಿರುಗುವ ಬಗೆಯನ್ನು ನೋಡುತ್ತಿದ್ದರು. ‘ತುದಿ ಬಳುಕದಿದ್ರೆ ಮೀನಿನ ಬಾಯಿ ಹರೀತದೆ ಕಣ್ಲಾ ಮಗ’ ಎಂಬುದು ಅವರ ಮಾತು. ಮೇಲೆ ನಾನು ಎರಡನೆಯ ಕಾರಣವೆಂದು ಬರೆದುದು ಇದನ್ನೇ ಅಲ್ಲದೆ ಬೇರೆಯಲ್ಲ. ಕಾರ್ಖಾನೆಯ ಪರಿಣತರು ಅಳತೆ ಮಾಡಿ ಹೇಳುವುದನ್ನು ಅಜ್ಜ ಅಂಗೈಯಿಂದ ತಿಳಿದಿದ್ದರು. ಇಂತಹ ತಿಳಿವಳಿಕೆ ನಮ್ಮ ಹಳ್ಳಿಯ ಪ್ರತಿಯೊಂದು ಕಸುಬಿನಲ್ಲಿಯೂ ಇದೆ. ಬರೆದಿಡುವವರಿಲ್ಲದೆ ಅದು ಒಬ್ಬೊಬ್ಬ ಮುದುಕನೊಡನೆ ಮಣ್ಣುಪಾಲಾಗುತ್ತಿದೆ.

ಕೋಲಿನ ಉದ್ದವೂ ವಿಚಾರಾರ್ಹ. ಸಾಧಾರಣವಾಗಿ 7 ಅಡಿಯ ಕೋಲು ಹೆಚ್ಚಿನ ಕೆಲಸಕ್ಕೆ ಸಾಕು. ಆಳಕ್ಕಿಳಿಯುವ ದೊಡ್ಡ ಎರೆಗೆ ಏಳೂವರೆ ಅಡಿ, ಕೆಲವೊಮ್ಮೆ 8 ಅಡಿಯ ಕೋಲನ್ನೂ ಬಳಸುತ್ತಾರೆ. ಎರೆ ಬಿದ್ದೊಡನೆ ಆಳವನ್ನು ಮುಟ್ಟುವುದಿಲ್ಲ. ಒಂದಿಷ್ಟು ದೂರ ಓಡಿದ ಮೇಲೆ ತಳಕ್ಕಿಳಿದು, ಬೇಟೆಗಾರನ ಬಳಿಗೆ ಬರುತ್ತ ಮತ್ತೆ ಮೇಲೇರುತ್ತದೆ. ಎಸೆತ ದೂರವಾದಷ್ಟೂ ಎರೆ ತಳದಲ್ಲಿ ಓಡುವ ಹಾದಿ ಹೆಚ್ಚು. ಎಷ್ಟು ತೂಕದ ಎರೆಗೆ ಆ ಕೋಲು ತಕ್ಕದ್ದು ಎಂಬುದನ್ನು ಕೋಲಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಕೊಳ್ಳುವವರು ಬಣ್ಣವನ್ನು ನೋಡುವುದಕ್ಕೆ ಮೊದಲು ಆ ಅಂಕಿಗಳನ್ನು ಓದುವುದು ಮೇಲು.

ಕೋಲಿನ ನಂತರ ರೀಲು. ರೀಲನ್ನು ಅದರ ಹಲ್ಲುಚಕ್ರಗಳ ಪ್ರಮಾಣದಿಂದ ಗುರುತಿಸುತ್ತಾರೆ. 5:1 ಎಂದರೆ ಹಿಡಿಯನ್ನು ಒಮ್ಮೆ ತಿರುಗಿಸಿದರೆ ದಾರದ ಉರುಳೆ ಐದು ಸುತ್ತು ತಿರುಗುತ್ತದೆ. ಉರುಳೆಯ ಸುತ್ತಳತೆ 10 ಸೆಂಟಿಮೀಟರು ಎಂದಿಟ್ಟುಕೊಂಡರೆ 5:1 ರೀಲು ಒಂದು ಸುತ್ತಿಗೆ 50 ಸೆಂಟಿಮೀಟರು, 7:1 ರೀಲು 70 ಸೆಂಟಿಮೀಟರು ದಾರವನ್ನು ಎಳೆಯುತ್ತದೆ. ವೇಗ ಹೆಚ್ಚಾದಷ್ಟೂ ಕೈಗೆ ಶ್ರಮವೂ ಹೆಚ್ಚು. ಗೇರಿನ ಸೈಕಲ್ಲಿನಲ್ಲಿ ದಿಣ್ಣೆ ಹತ್ತುವಾಗ ನಿಧಾನದ ಗೇರು ಹಾಕುವುದಿಲ್ಲವೆ, ಅದೇ ನ್ಯಾಯ ಇಲ್ಲಿಯೂ. ದೊಡ್ಡ ತುಟಿಯ ಎರೆ ನೀರನ್ನು ಬಲವಾಗಿ ತಡೆಯುವುದರಿಂದ ಅದಕ್ಕೆ 5:1ರ ಆಸುಪಾಸಿನ ನಿಧಾನದ ರೀಲು ಹಿತ. ಮೇಲ್ಮಟ್ಟದಲ್ಲಿ ಓಡುವ ಚಿಕ್ಕ ಎರೆಗೆ 6:1 ಅಥವಾ ತುಸು ಹೆಚ್ಚಿನದು ನಡೆಯುತ್ತದೆ.

ದಾರದ ವಿಷಯದಲ್ಲಿ ಮೂರು ಜಾತಿಗಳಿವೆ. ನೈಲಾನಿನ ಒಂಟಿ ಎಳೆ ಅಗ್ಗ, ಹಿಗ್ಗುವ ಗುಣದ್ದು. ಫ್ಲೂರೋಕಾರ್ಬನ್ ಎಂಬ ಎಳೆ ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರವಾದುದರಿಂದ ಬೇಗ ಮುಳುಗುತ್ತದೆ. ಎರೆ ಆಳಕ್ಕಿಳಿಯಲು ಇದು ಅನುಕೂಲ. ಹೆಣೆದ ದಾರ ಬಹು ಗಟ್ಟಿ, ಆದರೆ ಹಿಗ್ಗುವುದೇ ಇಲ್ಲವೆನ್ನಬಹುದು. ಬಳುಕುವ ಕೋಲಿನಿಂದ ಗಳಿಸಿದ ಸಡಿಲವನ್ನು ಹಿಗ್ಗದ ದಾರದಿಂದ ಕಳೆದುಕೊಳ್ಳುವುದು ಜಾಣತನವಲ್ಲ. ಆದುದರಿಂದ 10ರಿಂದ 12 ಪೌಂಡು ತಾಳುವ ಮೊದಲೆರಡು ಜಾತಿಯ ದಾರವನ್ನೇ ಬಹುಮಂದಿ ಬಳಸುತ್ತಾರೆ. ದಾರ ದಪ್ಪವಾದರೆ ನೀರಿನ ತಡೆ ಹೆಚ್ಚಿ ಎರೆ ಮೇಲೆಯೇ ಉಳಿಯುತ್ತದೆ; ತೀರ ತೆಳುವಾದರೆ ಬೊಡ್ಡೆಗೆ ಉಜ್ಜಿ ಕಡಿದುಹೋಗುತ್ತದೆ. ಕೋಲು, ರೀಲು, ದಾರ, ಎರೆ ಈ ನಾಲ್ಕೂ ಒಂದೇ ಸಂಸಾರದವರಂತೆ. ಒಬ್ಬರ ಗುಣವನ್ನು ನೋಡಿ ಮತ್ತೊಬ್ಬರನ್ನು ತರಬೇಕು.

ಇಷ್ಟನ್ನು ಓದಿದ ಮೇಲೆ, ಈ ಬಾಸ್ ಮೀನನ್ನೇ ತಂದು ನಮ್ಮ ಕೆರೆಗಳಲ್ಲಿ ಬಿಡಬಾರದೇಕೆ ಎಂದು ಯಾರಿಗಾದರೂ ತೋರಬಹುದು. ಇದಕ್ಕೆ ಜಪಾನಿನ ಅನುಭವವೇ ಉತ್ತರ. 1925ರಲ್ಲಿ ಅಲ್ಲಿನ ಆಶಿ ಸರೋವರಕ್ಕೆ ಅಮೆರಿಕದಿಂದ ಬಾಸ್ ಮೀನನ್ನು ತಂದು ಬಿಟ್ಟರು. ಕಾಲಕ್ರಮದಲ್ಲಿ ಅದು ದೇಶದ ನಾನಾ ಕೆರೆಗಳಿಗೆ ಹಬ್ಬಿ ಅಲ್ಲಿನ ನೆಲದ ಮೀನುಗಳನ್ನು ತಿಂದುಹಾಕಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನ ಮೇರೆಗೆ ಅದನ್ನು ಜೀವಂತ ಸಾಗಿಸುವುದೂ ನೀರಿಗೆ ತಂದು ಬಿಡುವುದೂ ಅಲ್ಲಿ ನಿಷಿದ್ಧ. 2009ರ ಜುಲೈ 2ರಂದು ಪೆರ್ರಿಯ ದಾಖಲೆಯನ್ನು ಸರಿಗಟ್ಟಿದ ಮೀನು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿಯೇ. ಬೇಟೆಗಾರನಿಗೆ ಅದು ಹೆಮ್ಮೆ. ಸರೋವರದ ಪಾಲಿಗೆ ಅದೊಂದು ಎಚ್ಚರಿಕೆ.

ನಮ್ಮಲ್ಲಿಯೂ ಗಾಳಕ್ಕೆ ಹೆಸರಾದ ಮೀನುಗಳಿಗೆ ಕೊರತೆಯಿಲ್ಲ. ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯ’ ಎಂಬ ಗ್ರಂಥ 1873ರಲ್ಲಿ ಅಚ್ಚಾದುದು ನಮ್ಮ ಮಂಗಳೂರಿನಲ್ಲಿಯೇ. ಆದರೆ ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಆದುದರಿಂದ ಹೊರಗಿನಿಂದ ನಾವು ತರಬೇಕಾದುದು ಮೀನನ್ನಲ್ಲ. ಒಂದು ಸಣ್ಣ ಸಲಕರಣೆಯ ವಿಷಯದಲ್ಲಿಯೂ ಕಾರಣ ಕೇಳುವ, ಪರೀಕ್ಷಿಸುವ, ಬರೆದಿಡುವ ಅಭ್ಯಾಸವನ್ನು.

ಈ ಬಿಡುವಿನಲ್ಲಿ ಊರಿಗೆ ಹೋಗುವ ಗೆಳೆಯರು ತಮ್ಮ ಮನೆಯ ಹಿರಿಯರನ್ನು ಅವರ ಕಸುಬಿನ ಒಂದು ಸಲಕರಣೆಯ ಬಗ್ಗೆ, ಇದು ಹೀಗೆಯೇ ಏಕಿದೆ ಎಂದು ಕೇಳಿ ನೋಡಲಿ. ನೇಗಿಲಾಗಲಿ, ಮಗ್ಗವಾಗಲಿ, ತಿದಿಯಾಗಲಿ, ಯಾವುದಾದರೂ ಸರಿ. ಅವರು ಹೇಳಿದ್ದನ್ನು ಬರೆದು ತಂದರೆ ಮುಂದಿನ ವರ್ಷದ ಸಂಚಿಕೆಗೆ ಲೇಖನಗಳ ಅಭಾವವಿರದು.