ಮರ್ಲಿನ್ ಎಂಜಿನ್ನಿನ ಉಸಿರು ಕಟ್ಟಿದ್ದು ಯಾಕೆ?

1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡುತ್ತಿದ್ದ ಜರ್ಮನ್ ಪೈಲಟ್‌ಗಳಿಗೆ ತಪ್ಪಿಸಿಕೊಳ್ಳುವ ಒಂದು ಸುಲಭದ ಉಪಾಯ ಗೊತ್ತಿತ್ತು. ಬೆನ್ನ ಹಿಂದೆ ಬ್ರಿಟಿಷರ ಸ್ಪಿಟ್‌ಫೈರೋ ಹರಿಕೇನೋ ಬಿದ್ದರೆ, ಮೆಸ್ಸರ್‌ಶ್ಮಿಟ್ 109ರ ಪೈಲಟ್ ಕೈಯಲ್ಲಿದ್ದ ಕಂಟ್ರೋಲ್ ಕಡ್ಡಿಯನ್ನು ತಟಕ್ಕನೆ ಮುಂದಕ್ಕೆ ತಳ್ಳುತ್ತಿದ್ದ. ವಿಮಾನ ಮೂಗು ತಗ್ಗಿಸಿ ಕೆಳಕ್ಕೆ ಧುಮುಕುತ್ತಿತ್ತು. ಅಟ್ಟಿಸಿಕೊಂಡು ಬಂದ ಬ್ರಿಟಿಷ್ ಪೈಲಟ್ಟೂ ಹಾಗೇ ಧುಮುಕಹೊರಟರೆ ಅವನ ಎಂಜಿನ್ ಒಮ್ಮೆ ಬಿಕ್ಕಳಿಸುತ್ತಿತ್ತು. ಮರುಗಳಿಗೆ ಕರ್ರಗಿನ ಹೊಗೆ ಉಗುಳಿ ಪೂರ್ತಿ ಸುಮ್ಮನಾಗುತ್ತಿತ್ತು. ಅದು ಮತ್ತೆ ಹತ್ತಿಕೊಳ್ಳುವ ಹೊತ್ತಿಗೆ ಬೇಟೆ ಗುಂಡಿನ ಅಳತೆ ಮೀರಿ ಹೋಗಿರುತ್ತಿತ್ತು. ಬೇಟೆ ತಾನೇ ಆಗಿದ್ದರಂತೂ ಕತೆ ಇನ್ನೂ ಕೆಟ್ಟದು.

ಬ್ರಿಟಿಷರು ಇದಕ್ಕೆ ಕಂಡುಕೊಂಡಿದ್ದ ದಾರಿಯೆಂದರೆ ಮೊದಲು ವಿಮಾನವನ್ನು ಅಂಗಾತ ಮಾಡಿಕೊಳ್ಳುವುದು, ಆಮೇಲೆ ಕಡ್ಡಿಯನ್ನು ತಮ್ಮತ್ತ ಎಳೆದುಕೊಂಡು ಇಳಿಯುವುದು. ಹಾಗೆ ಮಾಡಿದರೆ ಎಂಜಿನ್ ನಿಲ್ಲುತ್ತಿರಲಿಲ್ಲ. ಆದರೆ ಆ ಮಗುಚಾಟದಲ್ಲಿ ಒಂದೆರಡು ಸೆಕೆಂಡು ಕೈಬಿಟ್ಟು ಹೋಗುತ್ತಿತ್ತು. ಗಂಟೆಗೆ ಮುನ್ನೂರು ಮೈಲಿಗೂ ಮೀರಿದ ಓಟದಲ್ಲಿ ಅಷ್ಟು ಹೊತ್ತು ಸಣ್ಣದಲ್ಲ.

ಕೈಕೊಡುತ್ತಿದ್ದದ್ದು ಕಳಪೆ ಎಂಜಿನ್ನೂ ಅಲ್ಲ. ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಅದು. V ಆಕಾರದಲ್ಲಿ ಕೂರಿಸಿದ ಹನ್ನೆರಡು ಸಿಲಿಂಡರು, 27 ಲೀಟರ್ ಗಾತ್ರ, ಸಾವಿರ ಅಶ್ವಶಕ್ತಿಗೂ ಮೇಲ್ಪಟ್ಟ ಬಲ. ಎದುರಾಳಿಯ ಡೈಮ್ಲರ್ ಬೆಂಜ್ 601 ಎಂಜಿನ್ನಿಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸ ಪೆಟ್ರೋಲ್ ಕುಡಿಸುವ ವಿಧಾನದಲ್ಲಿತ್ತು. ಜರ್ಮನರು ಒಂದೊಂದು ಸಿಲಿಂಡರಿಗೂ ಇಂಜೆಕ್ಷನ್ ಪಂಪಿನಿಂದ ನೇರವಾಗಿ ಪೆಟ್ರೋಲ್ ಚಿಮ್ಮಿಸುತ್ತಿದ್ದರು. ವಿಮಾನ ತಲೆಕೆಳಗಾದರೂ ಆ ಪಂಪಿಗೆ ಲೆಕ್ಕವಿಲ್ಲ. ಮರ್ಲಿನ್‌ನಲ್ಲಿ ಇದ್ದದ್ದು ಫ್ಲೋಟ್ ಇರುವ ಎಸ್‌ಯು ಕಾರ್ಬ್ಯುರೇಟರ್.

ರೋಲ್ಸ್ ರಾಯ್ಸ್ ಅದನ್ನು ಉಳಿಸಿಕೊಂಡದ್ದಕ್ಕೆ ಕಾರಣವಿತ್ತು. ಕಾರ್ಬ್ಯುರೇಟರಿನಲ್ಲಿ ಗಾಳಿಗೆ ಬೆರೆತ ಪೆಟ್ರೋಲ್ ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೀಗೆ ಸುಮಾರು 25 ಡಿಗ್ರಿಯಷ್ಟು ತಣ್ಣಗಾದ ಗಾಳಿ ದಟ್ಟವಾಗಿ, ಅದನ್ನು ಒತ್ತಿ ಎಂಜಿನ್ನಿಗೆ ತುಂಬುವ ಸೂಪರ್‌ಚಾರ್ಜರಿಗೆ ಸೇರುತ್ತದೆ. ದಟ್ಟ ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಆದ್ದರಿಂದ ಬಲವೂ ಹೆಚ್ಚು. ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸಿದರೆ ಸೂಪರ್‌ಚಾರ್ಜರಿಗೆ ಈ ಲಾಭ ಸಿಗುವುದಿಲ್ಲ. ಎಂಜಿನಿಯರುಗಳ ಈ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದರ ಬೆಲೆ ತೆರಬೇಕಾಗಿ ಬಂದದ್ದು ಮಾತ್ರ ಪೈಲಟ್‌ಗಳಿಗೆ.

ಸಮಸ್ಯೆ ಬಿಡಿಸುವ ಕೆಲಸ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿಗೆ ಬಂತು. ಅಲ್ಲಿ ಕಾರ್ಬ್ಯುರೇಟರ್ ಸಂಶೋಧನೆಯ ಹೊಣೆ ಹೊತ್ತಿದ್ದವರು ಬಿಯಾಟ್ರಿಸ್ ಶಿಲಿಂಗ್. 1909ರಲ್ಲಿ ಹ್ಯಾಂಪ್‌ಷೈರಿನಲ್ಲಿ ಹುಟ್ಟಿದ ಈಕೆ ಹದಿನಾಲ್ಕನೇ ವಯಸ್ಸಿಗೇ ಮೋಟರ್‌ಸೈಕಲ್ ಕೊಂಡು ಬಿಚ್ಚಿ ಜೋಡಿಸಲು ಕಲಿತವರು. ಹೆಂಗಸೊಬ್ಬರು ನಡೆಸುತ್ತಿದ್ದ ವಿದ್ಯುತ್ ಕಂಪನಿಯಲ್ಲಿ ಮನೆಮನೆಗೆ ವೈರಿಂಗ್ ಎಳೆದರು. ಆಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದರು. 500 ಸಿಸಿಯ ನಾರ್ಟನ್ ಬೈಕಿನಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಪಥವನ್ನು ಗಂಟೆಗೆ 106 ಮೈಲಿ ವೇಗದಲ್ಲಿ ಸುತ್ತಿ 1934ರಲ್ಲಿ ಗೋಲ್ಡ್ ಸ್ಟಾರ್ ಗೆದ್ದರು. 1936ರಲ್ಲಿ ಫಾರ್ನ್‌ಬರೋ ಸೇರಿದರು.

ಇಲ್ಲಿ ಸ್ವಲ್ಪ ಕಾರ್ಬ್ಯುರೇಟರಿನ ಒಳಗೆ ಇಣುಕಬೇಕು. ಫ್ಲೋಟ್ ಚೇಂಬರ್ ಎಂದರೆ ಪೆಟ್ರೋಲ್ ತುಂಬಿದ ಪುಟ್ಟ ಬಟ್ಟಲು. ಅದರಲ್ಲಿ ಹಗುರವಾದ ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಏರಿದರೆ ಫ್ಲೋಟ್ ಏರಿ ನೀಡಲ್ ವಾಲ್ವನ್ನು ಮುಚ್ಚುತ್ತದೆ. ಇಳಿದರೆ ತಾನೂ ಇಳಿದು ವಾಲ್ವ್ ತೆರೆಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವ ಜೆಟ್‌ಗಳು ಬಟ್ಟಲಿನ ತಳದಲ್ಲಿ ಇರುತ್ತವೆ. ಅಟ್ಟದ ಮೇಲಿನ ನೀರಿನ ತೊಟ್ಟಿಗೆ ಹಾಕುವ ಬಾಲ್ ವಾಲ್ವ್ ನೋಡಿದವರಿಗೆ ಬೇರೆ ವಿವರಣೆ ಬೇಡ.

ಪೈಲಟ್ ಕಡ್ಡಿಯನ್ನು ಮುಂದಕ್ಕೆ ನೂಕಿದಾಗ ವಿಮಾನ, ತಾನಾಗಿ ಬೀಳುವ ವಸ್ತುವಿಗಿಂತಲೂ ಬೇಗನೆ ಕೆಳಕ್ಕೆ ಸರಿಯುತ್ತದೆ. ಒಳಗಿರುವುದೆಲ್ಲ ಚಾವಣಿಯತ್ತ ಏಳುತ್ತದೆ. ಪೈಲಟ್ ಬೆಲ್ಟಿನಲ್ಲಿ ನೇತಾಡುತ್ತಾನೆ, ಕಾಲಡಿಯ ಧೂಳು ಮುಖಕ್ಕೆ ಹಾರುತ್ತದೆ. ಬಟ್ಟಲಿನ ಪೆಟ್ರೋಲೂ ಮುಚ್ಚಳಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ತಳದ ಜೆಟ್‌ಗಳು ಬರಿದಾಗುತ್ತವೆ. ಪೆಟ್ರೋಲ್ ಸಿಗದೆ ಎಂಜಿನ್ ಬಿಕ್ಕಳಿಸುತ್ತದೆ. ಇದು ಎಲ್ಲರಿಗೂ ಸುಲಭವಾಗಿ ಹೊಳೆಯುವ ಕಾರಣ. ಎಂಜಿನ್ ನಿಂತದ್ದು ಪೆಟ್ರೋಲ್ ಸಾಲದೆ ಎಂದು ಇಲ್ಲಿಗೇ ಮಾತು ಮುಗಿಸಿಬಿಡಬಹುದಿತ್ತು.

ಆದರೆ ಆ ಕಪ್ಪು ಹೊಗೆ ಬೇರೆಯೇ ಮಾತು ಹೇಳುತ್ತಿತ್ತು. ಪೆಟ್ರೋಲ್ ಕಡಿಮೆಯಾದ ಎಂಜಿನ್ ಕಪ್ಪು ಹೊಗೆ ಬಿಡುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ, ಉರಿಯಲು ಗಾಳಿ ಸಾಲದೆ, ಅರೆಬೆಂದ ಇಂಗಾಲ ಮಸಿಯಾಗಿ ಹೊರಬಿದ್ದಾಗ ಬರುವ ಹೊಗೆ ಅದು. ಅಂದರೆ ನಡೆಯುತ್ತಿದ್ದದ್ದು ಒಂದರ ಬೆನ್ನಿಗೊಂದು ಎರಡು ಘಟನೆ. ಮೊದಲ ಬಿಕ್ಕಳಿಕೆ ಕೊರತೆಯಿಂದ. ಅದು ಚಿಕ್ಕದು, ಎಂಜಿನ್ ಸಹಿಸಿಕೊಳ್ಳಬಲ್ಲದು. ಅದರ ಹಿಂದೆಯೇ ಬರುತ್ತಿದ್ದ ಎರಡನೆಯದು ಉಕ್ಕಿ ಹರಿದದ್ದರಿಂದ. ಎಂಜಿನ್ನನ್ನು ನಿಜವಾಗಿ ಮಲಗಿಸುತ್ತಿದ್ದದ್ದು ಅದು.

ಅದಕ್ಕೆ ಕಾರಣ ಫ್ಲೋಟ್. ಪೆಟ್ರೋಲ್ ಮುಚ್ಚಳದ ಕಡೆಗೆ ಸರಿದಾಗ ಅದಕ್ಕಿಂತ ಹಗುರವಾದ ಫ್ಲೋಟ್ ತಳದ ಕಡೆಗೆ ತೇಲುತ್ತದೆ. ಫ್ಲೋಟ್ ತಳಕ್ಕೆ ಬಂದರೆ ವಾಲ್ವಿಗೆ ಒಂದೇ ಅರ್ಥ: ಬಟ್ಟಲು ಖಾಲಿ, ಬಾಗಿಲು ಪೂರ್ತಿ ತೆರೆ. ತುಂಬಿದ ಬಟ್ಟಲಿಗೆ ಪಂಪು ಇನ್ನಷ್ಟು ಪೆಟ್ರೋಲ್ ನೂಕುತ್ತದೆ. ಆ ಪಂಪಿಗೋ ಎಂಜಿನ್ನಿನ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕಳಿಸುವ ತಾಕತ್ತು. ಉಕ್ಕಿದ ಪೆಟ್ರೋಲ್ ಸೂಪರ್‌ಚಾರ್ಜರಿಗೆ ನುಗ್ಗಿ, ಮಿಶ್ರಣವನ್ನು ಬೆಂಕಿ ಹತ್ತಲಾರದಷ್ಟು ಗಟ್ಟಿ ಮಾಡುತ್ತಿತ್ತು. ವಿಮಾನ ನೆಟ್ಟಗಾದ ಮೇಲೂ ಆ ಹೆಚ್ಚುವರಿ ಖಾಲಿಯಾಗುವ ತನಕ ಎಂಜಿನ್ ಏಳುತ್ತಿರಲಿಲ್ಲ.

ಕಾಯಿಲೆ ಗೊತ್ತಾದ ಮೇಲೆ ಮದ್ದಿನ ಪ್ರಶ್ನೆ ಬಂತು. ಹೊಸ ಕಾರ್ಬ್ಯುರೇಟರ್ ರೂಪಿಸಿ, ಪರೀಕ್ಷಿಸಿ, ಕಾರ್ಖಾನೆಯ ಸಾಲಿಗೆ ತರಲು ಕಾಲ ಬೇಕು. ಯುದ್ಧ ಅಷ್ಟು ಕಾಯುವ ಹಾಗಿರಲಿಲ್ಲ. ಶಿಲಿಂಗ್ ಫ್ಲೋಟನ್ನಾಗಲಿ ಜೆಟ್ಟನ್ನಾಗಲಿ ಮುಟ್ಟಲು ಹೋಗಲಿಲ್ಲ. ಪೂರ್ಣ ಬಲದಲ್ಲಿ ಓಡುವಾಗ ಮರ್ಲಿನ್ ಹೆಚ್ಚೆಂದರೆ ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂಬುದು ಅಳೆಯಬಹುದಾದ ಅಂಕಿ. ಅಷ್ಟನ್ನೇ ಬಿಡುವ, ಅದಕ್ಕಿಂತ ಹೆಚ್ಚು ಬಿಡದ ಒಂದು ತೂತನ್ನು ಪೈಪಿನಲ್ಲಿ ಇಟ್ಟರೆ? ವಾಲ್ವ್ ಎಷ್ಟೇ ಬಾಯಿ ತೆರೆದಿರಲಿ, ಪಂಪು ಎಷ್ಟೇ ಒತ್ತಲಿ, ಎಂಜಿನ್ ಕುಡಿಯಬಲ್ಲಷ್ಟಕ್ಕಿಂತ ಹೆಚ್ಚು ಒಳಗೆ ಬರುವ ಮಾತೇ ಇಲ್ಲ.

ಹಾಗೆ ಹುಟ್ಟಿದ್ದು ಒಂದು ಹಿತ್ತಾಳೆಯ ತುಣುಕು. ಮೊದಲು ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಟೋಪಿಯ ಆಕಾರದಲ್ಲಿತ್ತು. ಆಮೇಲೆ ನಡುವೆ ತೂತಿರುವ ಬರೀ ಚಪ್ಪಟೆ ವಾಷರ್ ಆಯಿತು. ತೂತಿನ ಅಳತೆಯಲ್ಲೇ ಅದರ ವಿದ್ಯೆಯೆಲ್ಲ ಅಡಗಿತ್ತು. ಕಿರಿದಾದರೆ ಪೂರ್ಣ ಬಲದಲ್ಲಿ ಎಂಜಿನ್ ಸೊರಗುತ್ತದೆ, ಹಿರಿದಾದರೆ ಮತ್ತೆ ಉಕ್ಕುತ್ತದೆ. ಸೂಪರ್‌ಚಾರ್ಜರಿನ ಒತ್ತಡ ಹೆಚ್ಚಿದಷ್ಟೂ ಎಂಜಿನ್ ಹೆಚ್ಚು ಕುಡಿಯುವುದರಿಂದ ಎರಡು ಅಳತೆ ಮಾಡಬೇಕಾಯಿತು. ಒಂದು ಚದರ ಇಂಚಿಗೆ 12 ಪೌಂಡ್ ಒತ್ತಡದ ಎಂಜಿನ್ನಿಗೆ, ಇನ್ನೊಂದು 15 ಪೌಂಡಿನದಕ್ಕೆ.

ಇದನ್ನು ಕೂರಿಸಲು ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಾಗಿರಲಿಲ್ಲ. ಕಾರ್ಬ್ಯುರೇಟರಿಗೆ ಬರುವ ಪೈಪಿನ ಜೋಡಣೆ ಬಿಚ್ಚಿ, ವಾಷರ್ ಇಟ್ಟು, ಮತ್ತೆ ಬಿಗಿದರೆ ಮುಗಿಯಿತು. 1941ರ ಆರಂಭದಲ್ಲಿ ಶಿಲಿಂಗ್ ಸಣ್ಣ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ತಿರುಗಿದರು. ತಮ್ಮ ಹಳೆಯ ನಾರ್ಟನ್ ಬೈಕಿನಲ್ಲೇ ಅವರು ಬಂದಿಳಿಯುತ್ತಿದ್ದುದನ್ನು ಅಲ್ಲಿನವರು ಬಹುಕಾಲ ನೆನೆದರು. ಮಾರ್ಚ್ ಹೊತ್ತಿಗೆ ಫೈಟರ್ ಕಮಾಂಡಿನ ವಿಮಾನಗಳಿಗೆಲ್ಲ ಈ ವಾಷರ್ ಬಂದಿತ್ತು.

ಇದು ಪೂರ್ತಿ ಮದ್ದಲ್ಲ ಎಂಬುದು ಅವರಿಗೂ ತಿಳಿದಿತ್ತು. ಮೊದಲ ಬಿಕ್ಕಳಿಕೆ ಹಾಗೇ ಉಳಿಯಿತು. ಬಹಳ ಹೊತ್ತು ತಲೆಕೆಳಗಾಗಿ ಹಾರಲು ಈಗಲೂ ಆಗುತ್ತಿರಲಿಲ್ಲ. ಆದರೆ ಮೂಗು ತಗ್ಗಿಸಿದ ಕೂಡಲೇ ಎಂಜಿನ್ ಸತ್ತುಹೋಗುವ ಭಯ ತೊಲಗಿತು. 1943ರಲ್ಲಿ ಬೆಂಡಿಕ್ಸ್ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್ ಬಂತು. ಅದು ಒತ್ತಡದಿಂದ ಪೆಟ್ರೋಲನ್ನು ಸೂಪರ್‌ಚಾರ್ಜರಿನ ಬಾಯಿಗೆ ಚಿಮ್ಮಿಸುತ್ತಿತ್ತು. ಗಾಳಿ ತಣ್ಣಗಾಗುವ ಹಳೆಯ ಲಾಭವೂ ಉಳಿಯಿತು, ದಾರಿ ತಪ್ಪಿಸಲು ಫ್ಲೋಟೂ ಇರಲಿಲ್ಲ. ಅಂಥ ಎಂಜಿನ್ನುಗಳಿಗೆ ವಾಷರ್ ಬೇಕಾಗಲಿಲ್ಲ.

ಶಿಲಿಂಗ್ 1969ರವರೆಗೆ ಫಾರ್ನ್‌ಬರೋದಲ್ಲೇ ದುಡಿದರು. ಒದ್ದೆ ರನ್‌ವೇ ಮೇಲೆ ವಿಮಾನಗಳ ಬ್ರೇಕ್ ಹೇಗೆ ಹಿಡಿಯುತ್ತದೆ ಎಂಬುದೂ ಮುಂದೆ ಅವರ ಅಧ್ಯಯನದ ವಿಷಯವಾಯಿತು. ಆ ವಾಷರಿನಂಥ ತಾತ್ಕಾಲಿಕ ಪರಿಹಾರ ಎಂದರೆ ಎಂಜಿನಿಯರುಗಳು ಸಾಮಾನ್ಯವಾಗಿ ಮೂಗು ಮುರಿಯುತ್ತಾರೆ. ಆದರೆ ಸರಿಯಾದ ಕಾರ್ಬ್ಯುರೇಟರ್ ಬರಲಿ ಎಂದು ಕಾದು ಕೂತಿದ್ದರೆ 1941, 42 ಎರಡೂ ವರ್ಷ ಸ್ಪಿಟ್‌ಫೈರ್ ಪೈಲಟ್‌ಗಳು ಶತ್ರು ಧುಮುಕಿದಾಗಲೆಲ್ಲ ಮೊದಲು ಅಂಗಾತ ಮಗುಚಿಕೊಳ್ಳುತ್ತಲೇ ಇರಬೇಕಾಗುತ್ತಿತ್ತು.