ಒಂದೇ ಗುಂಡು, ಎರಡು ಕಾಡತೂಸು: ದೊಡ್ಡ ಬೇಟೆಗೆ ಯಾವುದು ಲೇಸು?

ಅಮೆರಿಕದ ರಾಕಿ ಪರ್ವತ ಶ್ರೇಣಿಯಲ್ಲಿ ಶರತ್ಕಾಲ ಕಾಲಿಡುತ್ತಿದ್ದಂತೆ ಪರವಾನಗಿ ಪಡೆದ ಬೇಟೆಗಾರರು ಜಿಂಕೆ ಮತ್ತು ಎಲ್ಕ್‌ಗಳ ಜಾಡು ಹಿಡಿದು ಕಾಡು ಹೊಗುತ್ತಾರೆ. ಅದಕ್ಕೂ ಮುನ್ನ ಬಂದೂಕಿನ ಅಂಗಡಿಗಳಲ್ಲಿ ಹಳೆಯದೊಂದು ವಾದ ಮತ್ತೆ ಹೊಸದಾಗುತ್ತದೆ. ಮೊದಲ ಬಾರಿಗೆ ರೈಫಲ್ ಕೊಳ್ಳುವವನು .30-06 ಸ್ಪ್ರಿಂಗ್‌ಫೀಲ್ಡ್ ಕಾಡತೂಸಿನದನ್ನು ಆರಿಸಬೇಕೇ, .308 ವಿಂಚೆಸ್ಟರ್ ಕಾಡತೂಸಿನದನ್ನೇ? ಎಪ್ಪತ್ತು ವರ್ಷಗಳಿಂದ ನಡೆದುಬಂದಿರುವ ಈ ಚರ್ಚೆಗೆ ಇಂದಿಗೂ ಪೂರ್ಣವಿರಾಮ ಬಿದ್ದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಕಾನೂನಿನ ಮಟ್ಟದಲ್ಲೇ ಮುಗಿದುಹೋಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಇಲ್ಲಿ ಅವಕಾಶವಿಲ್ಲ. ಆದರೆ ಉತ್ತರ ಅಮೆರಿಕ, ಸ್ಕ್ಯಾಂಡಿನೇವಿಯಾ ಹಾಗೂ ಆಫ್ರಿಕಾದ ಕೆಲವು ದೇಶಗಳಲ್ಲಿ ಬೇಟೆಯು ಕಾನೂನಿನ ಚೌಕಟ್ಟಿನೊಳಗೆ ನಡೆಯುವ ಚಟುವಟಿಕೆ. ಅಲ್ಲಿ ಕಾಡತೂಸಿನ ಆಯ್ಕೆ ಕೇವಲ ಅಭಿರುಚಿಯ ಮಾತಲ್ಲ. ಪ್ರಾಣಿ ಕ್ಷಣಮಾತ್ರದಲ್ಲಿ ಸಾಯುವುದೋ, ಗಾಯಗೊಂಡು ದಿನಗಟ್ಟಲೆ ನರಳುವುದೋ ಎಂಬ ಪ್ರಶ್ನೆ ಅದರೊಂದಿಗೆ ತಳಕು ಹಾಕಿಕೊಂಡಿದೆ.

ಹೆಸರಿನಲ್ಲೇ ಇತಿಹಾಸ

ಮಲೆನಾಡಿನ ಆಡುಮಾತಿನಲ್ಲಿ ತೋಟಾ ಎಂದು ಕರೆಯಲಾಗುವ ಕಾಡತೂಸಿಗೆ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ತುಂಬಿದ ಮದ್ದು ಮತ್ತು ತುದಿಯಲ್ಲಿ ಕೂರಿಸಿದ ಗುಂಡು. ನಳಿಗೆಯಿಂದ ಹೊರಬೀಳುವುದು ಗುಂಡು ಮಾತ್ರ. ಚರ್ಚೆಯಲ್ಲಿರುವ ಎರಡೂ ಕಾಡತೂಸುಗಳ ಗುಂಡಿನ ವ್ಯಾಸ ಒಂದೇ, 7.82 ಮಿಲಿಮೀಟರ್. ವ್ಯತ್ಯಾಸವಿರುವುದು ಕೋಶದ ಉದ್ದದಲ್ಲಿ.

.30-06 ಎಂಬ ಹೆಸರಿನ ಮೊದಲ ಭಾಗ ಅಂಗುಲದ ಲೆಕ್ಕದಲ್ಲಿ ಗುಂಡಿನ ಅಳತೆಯನ್ನೂ, ಎರಡನೆಯ ಭಾಗ ಅಮೆರಿಕದ ಸೇನೆ ಅದನ್ನು ಸ್ವೀಕರಿಸಿದ 1906ನೇ ಇಸವಿಯನ್ನೂ ಸೂಚಿಸುತ್ತದೆ. ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನಿಕರ ರೈಫಲ್‌ಗಳಿಗೆ ಇದೇ ಆಹಾರವಾಗಿತ್ತು. ಯುದ್ಧದಿಂದ ಮರಳಿದವರು ತಮಗೆ ಪರಿಚಿತವಾದ ಕಾಡತೂಸನ್ನೇ ಕಾಡಿಗೂ ಒಯ್ದರು. ಸಾಹಿತಿ ಅರ್ನೆಸ್ಟ್ ಹೆಮಿಂಗ್ವೇ 1933-34ರ ಆಫ್ರಿಕಾ ಬೇಟೆಯಲ್ಲಿ ಬಳಸಿದ್ದೂ ಸ್ಪ್ರಿಂಗ್‌ಫೀಲ್ಡ್ ರೈಫಲನ್ನೇ.

.308 ವಿಂಚೆಸ್ಟರ್ ಹುಟ್ಟಿದ್ದು ಎರಡನೇ ಮಹಾಯುದ್ಧದ ತರುವಾಯ. ಅಷ್ಟರಲ್ಲಿ ಮದ್ದಿನ ತಯಾರಿಕೆ ಸಾಕಷ್ಟು ಸುಧಾರಿಸಿತ್ತು. ಹಳೆಯ ಕಾಡತೂಸಿನ ಕೆಲಸವನ್ನು ಚಿಕ್ಕ ಕೋಶವೇ ಮಾಡಬಲ್ಲದು ಎಂಬುದು ಸೇನೆಯ ಪ್ರಯೋಗಗಳಿಂದ ಸ್ಪಷ್ಟವಾಯಿತು. ವಿಂಚೆಸ್ಟರ್ ಕಂಪನಿ 1952ರಲ್ಲಿ ಇದನ್ನು ಬೇಟೆಗಾರರ ಮಾರುಕಟ್ಟೆಗೆ ಬಿಡುಗಡೆ ಮಾಡಿತು. ಇದರ ಸೈನಿಕ ರೂಪವಾದ 7.62×51 ಮಿಲಿಮೀಟರ್ ಕಾಡತೂಸನ್ನು 1954ರಲ್ಲಿ ನ್ಯಾಟೊ ಒಕ್ಕೂಟ ಅಂಗೀಕರಿಸಿತು. ಭಾರತೀಯ ಸೇನೆ ದಶಕಗಳ ಕಾಲ ಬಳಸಿದ ಎಸ್‌ಎಲ್‌ಆರ್ ರೈಫಲಿನ ಕಾಡತೂಸೂ ಈ ವಂಶಕ್ಕೇ ಸೇರಿದ್ದು.

ಲೆಕ್ಕ ಏನು ಹೇಳುತ್ತದೆ?

.30-06ರ ಕೋಶದ ಉದ್ದ 63.3 ಮಿಲಿಮೀಟರ್; .308ರದ್ದು 51.2 ಮಿಲಿಮೀಟರ್. ಹೀಗಾಗಿ ಹಳೆಯ ಕಾಡತೂಸಿನಲ್ಲಿ ಮದ್ದಿಗೆ ಸುಮಾರು ಶೇಕಡ 20ರಷ್ಟು ಹೆಚ್ಚು ಜಾಗವಿದೆ. ಮೇಲ್ನೋಟಕ್ಕೆ ಇದು ದೊಡ್ಡ ಅಂತರವೆನಿಸುತ್ತದೆ. ಆದರೆ ಗುಂಡಿನ ವೇಗದಲ್ಲಿ ಆ ಪ್ರಮಾಣದ ಅಂತರ ಕಾಣಸಿಗದು. .308 ಕಾಡತೂಸಿಗೆ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ತುಸು ಹೆಚ್ಚು. .30-06ರ ಒತ್ತಡದ ಮಿತಿಯನ್ನು, ಬಳಕೆಯಲ್ಲಿ ಉಳಿದಿರುವ ಹಳೆಯ ರೈಫಲ್‌ಗಳ ಸುರಕ್ಷತೆಯ ದೃಷ್ಟಿಯಿಂದ, ಸ್ವಲ್ಪ ಕೆಳಗೇ ಇರಿಸಲಾಗಿದೆ.

ಬೇಟೆಯ ಗುಂಡುಗಳ ತೂಕವನ್ನು ಗ್ರೇನ್ ಎಂಬ ಹಳೆಯ ಮಾನದಲ್ಲಿ ಹೇಳುವುದು ರೂಢಿ. ದೊಡ್ಡ ಪ್ರಾಣಿಗಳಿಗೆ ಹೆಚ್ಚಾಗಿ ಬಳಸುವ 180 ಗ್ರೇನ್ ಗುಂಡು ಸುಮಾರು 11.7 ಗ್ರಾಂ ತೂಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಸಾಮಾನ್ಯ ಕಾಡತೂಸುಗಳಲ್ಲಿ ಈ ಗುಂಡು .308ರಿಂದ ಸೆಕೆಂಡಿಗೆ ಸುಮಾರು 800 ಮೀಟರ್, .30-06ರಿಂದ ಸುಮಾರು 823 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಂದರೆ ವೇಗದಲ್ಲಿ ಶೇಕಡ 3ರಷ್ಟು, ಶಕ್ತಿಯಲ್ಲಿ ಶೇಕಡ 6ರಷ್ಟು ಮಾತ್ರ ಅಂತರ. 200 ಗಜಕ್ಕೆ ಗುರಿ ಹೊಂದಿಸಿದ ಎರಡೂ ರೈಫಲ್‌ಗಳಿಂದ 300 ಗಜ ದೂರಕ್ಕೆ ಗುಂಡು ಹಾರಿಸಿದರೆ, ಅವು ಕೆಳಗಿಳಿಯುವುದರಲ್ಲಿನ ವ್ಯತ್ಯಾಸ ಒಂದು ಅಂಗುಲದ ಆಸುಪಾಸು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗದ ಅಗಲವೇ ಎಂಟರಿಂದ ಹತ್ತು ಅಂಗುಲ. ಹಾಗಿರುವಾಗ ಈ ಒಂದು ಅಂಗುಲ ನಿರ್ಣಾಯಕವಾಗದು.

ಎಲ್ಕ್ ಬೇಟೆಗೆ ಗುರಿ ತಲುಪುವಾಗ ಗುಂಡಿನಲ್ಲಿ ಕನಿಷ್ಠ 2,000 ಜೂಲ್‌ನಷ್ಟು ಶಕ್ತಿ ಉಳಿದಿರಬೇಕೆಂಬುದು ಅಮೆರಿಕದ ಬೇಟೆಗಾರರಲ್ಲಿ ರೂಢಿಯಾಗಿರುವ ಲೆಕ್ಕ. ನಮ್ಮ ಕಡವೆಯ ಬಂಧುವಾದ ಎಲ್ಕ್‌ನ ಬೆಳೆದ ಗಂಡು 300 ಕಿಲೋ ತೂಕವನ್ನೂ ಮೀರಬಲ್ಲದು. 300 ಗಜ ದೂರದಲ್ಲಿ 180 ಗ್ರೇನ್ ಗುಂಡಿನ ಮಟ್ಟಿಗೆ ಎರಡೂ ಕಾಡತೂಸುಗಳು ಈ ಮಿತಿಯನ್ನು ದಾಟುತ್ತವೆ. ಬೇಟೆಗಾರರಲ್ಲಿ ಬಹುಪಾಲು ಜನ ಅದಕ್ಕಿಂತ ದೂರದಿಂದ ಗುಂಡು ಹಾರಿಸಬಾರದು ಎಂಬುದು ಅನುಭವಿಗಳ ಸಾಮಾನ್ಯ ಸಲಹೆ.

ಹೆಗಲಿಗೆ ಬೀಳುವ ಒದೆತ

ಗುಂಡು ಮುಂದಕ್ಕೆ ಚಿಮ್ಮಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಒಂದೇ ತೂಕದ ರೈಫಲ್ ಮತ್ತು ಒಂದೇ ತೂಕದ ಗುಂಡು ಬಳಸಿದಾಗ .308ರ ಒದೆತ .30-06ಕ್ಕಿಂತ ಸುಮಾರು ಶೇಕಡ 10ರಿಂದ 15ರಷ್ಟು ಕಡಿಮೆ. ಕಾಗದದ ಮೇಲೆ ಇದು ಸಣ್ಣ ಅಂಕಿ. ಆದರೆ ಹೊಸಬರ ವಿಷಯದಲ್ಲಿ ಇದರ ಪರಿಣಾಮ ಸಣ್ಣದಲ್ಲ. ಒದೆತಕ್ಕೆ ಅಂಜುವವರು ಕುದುರೆ ಎಳೆಯುವ ಕ್ಷಣದಲ್ಲಿ ತಮಗೆ ಅರಿವಿಲ್ಲದೆಯೇ ಕಣ್ಣು ಮುಚ್ಚುತ್ತಾರೆ, ಹೆಗಲು ಬಿಗಿಯುತ್ತಾರೆ. ಗುರಿ ತಪ್ಪಲು ಅಷ್ಟು ಸಾಕು. ಅಲ್ಲದೆ ಹೆಗಲು ನೋಯಿಸುವ ರೈಫಲ್ ಹಿಡಿದು ಅಭ್ಯಾಸ ಮಾಡಲು ಯಾರೂ ಹೆಚ್ಚು ಉತ್ಸಾಹ ತೋರುವುದಿಲ್ಲ.

ಚಿಕ್ಕ ಕೋಶದಿಂದ ಬೇರೆ ಅನುಕೂಲಗಳೂ ಇವೆ. ಇಡೀ ಕಾಡತೂಸು ಸುಮಾರು 14 ಮಿಲಿಮೀಟರ್ ಗಿಡ್ಡವಾಗಿರುವುದರಿಂದ ರೈಫಲಿನ ಯಂತ್ರಭಾಗವನ್ನೂ ಗಿಡ್ಡವಾಗಿ, ಹಗುರವಾಗಿ ರೂಪಿಸಬಹುದು. ನಳಿಗೆಯನ್ನು ಮೊಟಕುಗೊಳಿಸಿದರೂ .308 ಹೆಚ್ಚು ವೇಗ ಕಳೆದುಕೊಳ್ಳುವುದಿಲ್ಲ. ದಟ್ಟ ಪೊದೆಗಳ ನಡುವೆ ನುಸುಳುವವರಿಗೂ, ಬೆಟ್ಟ ಹತ್ತುವವರಿಗೂ ಇದು ನೆಮ್ಮದಿಯ ಸಂಗತಿ.

ಭಾರದ ಗುಂಡಿಗೆ ದೊಡ್ಡ ಕೋಶ

ಹಾಗಾದರೆ ಹಳೆಯ ಕಾಡತೂಸಿನ ಅಗತ್ಯವೇ ಇಲ್ಲವೇ? ಹಾಗೆನ್ನಲಾಗದು. ಗುಂಡು ಭಾರವಾದಂತೆ .30-06ರ ಮೇಲುಗೈ ಸ್ಪಷ್ಟವಾಗುತ್ತದೆ. 200 ಅಥವಾ 220 ಗ್ರೇನ್ ತೂಕದ ಉದ್ದನೆಯ ಗುಂಡನ್ನು .308ರ ಗಿಡ್ಡ ಕೋಶದಲ್ಲಿ ಕೂರಿಸಿದರೆ ಅದರ ಹಿಂಭಾಗ ಮದ್ದಿನ ಜಾಗವನ್ನೇ ಆಕ್ರಮಿಸಿಕೊಳ್ಳುತ್ತದೆ. ಅರ್ಧ ಟನ್ ತೂಗಬಲ್ಲ ಮೂಸ್ ಅಥವಾ ಅಲಾಸ್ಕದ ಕಂದು ಕರಡಿಯ ಎದುರು ಆಳಕ್ಕೆ ಇಳಿಯಬಲ್ಲ ಭಾರದ ಗುಂಡು ಬೇಕೆನ್ನುವವರು ಈ ಕಾರಣಕ್ಕಾಗಿಯೇ .30-06 ಕಡೆಗೆ ಒಲಿಯುತ್ತಾರೆ.

ಇತ್ತೀಚಿನ ಪರಿಸರ ಕಾನೂನುಗಳು ಈ ವಾದಕ್ಕೆ ಹೊಸ ಬಲ ನೀಡಿವೆ. ಸೀಸದ ಗುಂಡಿನ ಚೂರುಗಳಿರುವ ಮಾಂಸ ತಿಂದು ಕಾಂಡೋರ್ ರಣಹದ್ದುಗಳು ವಿಷಪ್ರಾಶನಕ್ಕೆ ಬಲಿಯಾಗುತ್ತಿದ್ದುದು ಕ್ಯಾಲಿಫೋರ್ನಿಯಾದಲ್ಲಿ ದೃಢಪಟ್ಟಿತ್ತು. ಆ ರಾಜ್ಯ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಸಂಪೂರ್ಣವಾಗಿ ನಿಷೇಧಿಸಿತು. ಬದಲಿಗೆ ಬಂದಿರುವುದು ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ ಲೋಹ. ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ. ಉದ್ದನೆಯ ಗುಂಡಿಗೆ ದೊಡ್ಡ ಕೋಶ ಅನುಕೂಲಕರ. ಆದರೆ ತಾಮ್ರದ ಗುಂಡು ಚೂರಾಗದೆ ಆಳಕ್ಕೆ ಇಳಿಯುವುದರಿಂದ ಕಡಿಮೆ ತೂಕದ್ದೇ ಸಾಕು ಎಂಬುದು .308 ಪಕ್ಷದವರ ಉತ್ತರ.

ಅದಲುಬದಲು ಸಲ್ಲದು

ಗುಂಡಿನ ವ್ಯಾಸ ಒಂದೇ ಆದರೂ ಒಂದು ಕಾಡತೂಸನ್ನು ಮತ್ತೊಂದರ ರೈಫಲಿಗೆ ಬಳಸುವಂತಿಲ್ಲ. ಉದ್ದನೆಯ .30-06 ಕಾಡತೂಸು .308 ರೈಫಲಿನೊಳಗೆ ಹಿಡಿಸುವುದೇ ಇಲ್ಲ. ಅಪಾಯವಿರುವುದು ಇದರ ವಿರುದ್ಧ ಕ್ರಮದಲ್ಲಿ. ಗಿಡ್ಡ .308 ಕಾಡತೂಸು .30-06 ರೈಫಲಿನೊಳಗೆ ಸೇರಿಕೊಂಡು ಸಿಡಿಯುವ ಸಾಧ್ಯತೆಯಿದೆ. ಆಗ ಸಡಿಲವಾಗಿ ಕುಳಿತ ಕೋಶ ಸೀಳಿ, ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಬಳಸುವವನನ್ನೇ ಗಾಯಗೊಳಿಸಬಹುದು. ಎರಡೂ ಬಗೆಯ ರೈಫಲ್‌ಗಳಿರುವ ಮನೆಗಳಲ್ಲಿ ಕಾಡತೂಸಿನ ಪೆಟ್ಟಿಗೆಗಳನ್ನು ಬೇರೆ ಬೇರೆ ಕಡೆ ಇರಿಸುವುದು ಇದೇ ಕಾರಣಕ್ಕೆ.

ಗಾಯಗೊಂಡ ಪ್ರಾಣಿಯ ಪಾಡು

ಇಷ್ಟೆಲ್ಲ ಲೆಕ್ಕಾಚಾರದ ಹಿಂದಿರುವ ನೈತಿಕ ಪ್ರಶ್ನೆಯನ್ನು ಕೆಲವು ದೇಶಗಳು ಕಾನೂನಿನಲ್ಲೇ ಅಳವಡಿಸಿಕೊಂಡಿವೆ. ಸ್ವೀಡನ್‌ನಲ್ಲಿ ಮೂಸ್ ಬೇಟೆಗೆ ಬಳಸುವ ಗುಂಡಿಗೆ ಕನಿಷ್ಠ ತೂಕ ಮತ್ತು 100 ಮೀಟರ್ ದೂರದಲ್ಲಿ ಉಳಿಯಬೇಕಾದ ಕನಿಷ್ಠ ಶಕ್ತಿಯನ್ನು ಗೊತ್ತುಪಡಿಸಲಾಗಿದೆ. 10 ಗ್ರಾಂ ಅಥವಾ ಅದಕ್ಕಿಂತ ಭಾರದ ಗುಂಡಾದರೆ 2,000 ಜೂಲ್ ಸಾಕು; 9 ಗ್ರಾಂ ಗುಂಡಾದರೆ 2,700 ಜೂಲ್ ಬೇಕು. ಈ ಪರೀಕ್ಷೆಯಲ್ಲಿ .308 ಮತ್ತು .30-06 ಎರಡೂ ತೇರ್ಗಡೆಯಾಗುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಗಾಯಗೊಂಡ ಮೂಸ್‌ನ ಜಾಡು ಹಿಡಿಯಬಲ್ಲ ತರಬೇತಾದ ನಾಯಿ ಎರಡು ಗಂಟೆಗಳೊಳಗೆ ಸ್ಥಳ ತಲುಪುವಂತಿರಬೇಕು ಎಂಬ ನಿಯಮವೂ ಅಲ್ಲಿದೆ. ಎಷ್ಟೇ ಶಕ್ತಿಯ ಕಾಡತೂಸಾದರೂ ಗುರಿ ತಪ್ಪಬಹುದೆಂಬ ಒಪ್ಪಿಗೆ ಈ ನಿಯಮದಲ್ಲಿ ಅಡಗಿದೆ.

ಗುರಿ ತಪ್ಪಿದ ಗುಂಡಿನ ಬೆಲೆ ಏನೆಂಬುದು ಕನ್ನಡದ ಓದುಗರಿಗೆ ಹೊಸ ವಿಷಯವಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಅವರ ಬರಹಗಳನ್ನು ಓದಿದವರಿಗೆ ಅದು ಚೆನ್ನಾಗಿ ಗೊತ್ತು. ಹುಲಿಗಳು ನರಭಕ್ಷಕವಾಗಲು ಬಹುತೇಕ ಸಂದರ್ಭಗಳಲ್ಲಿ ಗಾಯಗಳೇ ಕಾರಣ, ಅವುಗಳಲ್ಲಿ ಅಜಾಗರೂಕ ಬೇಟೆಗಾರರು ಮಾಡಿದ ಗಾಯಗಳೂ ಸೇರಿವೆ ಎಂಬುದು ಕಾರ್ಬೆಟ್ ಅವರ ಅಭಿಪ್ರಾಯವಾಗಿತ್ತು. ಬೆಂಗಳೂರಿನ ಆಂಡರ್ಸನ್ ಬಳಸುತ್ತಿದ್ದುದು .405 ವಿಂಚೆಸ್ಟರ್ ಎಂಬ ಭಾರಿ ಕಾಡತೂಸು. ಕಾರ್ಬೆಟ್ ಅವರ ನೆಚ್ಚಿನ ರೈಫಲ್‌ಗಳಲ್ಲಿ ಒಂದಾಗಿದ್ದ .275 ರಿಗ್ಬಿಯಾದರೋ .308ಕ್ಕಿಂತಲೂ ಹಗುರವಾದ ಗುಂಡಿನದು. ಕಾಡತೂಸುಗಳು ಹೀಗೆ ಅಜಗಜಾಂತರವಾಗಿದ್ದರೂ ಗುರಿ ಖಚಿತವಾಗದೆ ಕುದುರೆ ಎಳೆಯದ ಸಂಯಮ ಇಬ್ಬರಿಗೂ ಸಮಾನವಾಗಿತ್ತು.

ಕೊನೆಗೆ ಆಯ್ಕೆ ಯಾವುದು?

ಜಿಂಕೆ, ಕಾಡುಹಂದಿಯಂಥ ಪ್ರಾಣಿಗಳಿಗೆ, 300 ಗಜದೊಳಗಿನ ಬೇಟೆಗೆ ಮತ್ತು ಹೊಸದಾಗಿ ಕಲಿಯುವವರಿಗೆ .308 ಹೆಚ್ಚು ಸೂಕ್ತ. ಮೂಸ್ ಅಥವಾ ದೊಡ್ಡ ಕರಡಿಯನ್ನು ಎದುರಿಸುವ ಸಂದರ್ಭವಿದ್ದು, ಭಾರದ ಗುಂಡನ್ನೂ ಅದರ ಒದೆತವನ್ನೂ ತಾಳಿಕೊಳ್ಳಬಲ್ಲವರಿಗೆ .30-06 ಒಳ್ಳೆಯ ಆಯ್ಕೆ. ಇವೆರಡರ ನಡುವಿನ ಎಲ್ಕ್ ಬೇಟೆಗೆ ಎರಡೂ ಸಾಕು. ಆ ಪ್ರಾಣಿಗೆ ತಕ್ಕ ಗುಂಡನ್ನು, ಅಂದರೆ ದೇಹದೊಳಗೆ ಅಣಬೆಯಂತೆ ಅರಳಿಯೂ ಚೂರಾಗದೆ ಮುನ್ನುಗ್ಗುವ ಗುಂಡನ್ನು ಆರಿಸುವುದೇ ಅಲ್ಲಿ ಮುಖ್ಯ.

ಶೇಕಡ 6ರಷ್ಟು ಹೆಚ್ಚಿನ ಶಕ್ತಿ ತಪ್ಪಿದ ಗುರಿಯನ್ನು ಸರಿಪಡಿಸಲಾರದು. ಹೊಟ್ಟೆಗೆ ಏಟು ತಿಂದ ಎಲ್ಕ್ ಯಾವ ಕಾಡತೂಸಿನ ಗುಂಡಿಗಾದರೂ ಮೈಲುಗಟ್ಟಲೆ ಓಡುತ್ತದೆ. ಶ್ವಾಸಕೋಶಕ್ಕೆ ಸರಿಯಾಗಿ ಏಟು ಬಿದ್ದರೆ ಎರಡರಲ್ಲಿ ಯಾವುದಕ್ಕಾದರೂ ಕೆಲವೇ ಹೆಜ್ಜೆಗಳಲ್ಲಿ ಕುಸಿಯುತ್ತದೆ. ಆದ್ದರಿಂದ ಅಂಗಡಿಯ ಮುಂದೆ ವಾದಿಸುವುದಕ್ಕಿಂತ ಅಭ್ಯಾಸದ ಮೈದಾನದಲ್ಲಿ ಹೆಚ್ಚು ಹೊತ್ತು ಕಳೆಯುವುದೇ ಬೇಟೆಗಾರ ಪ್ರಾಣಿಗೆ ತೋರಬಹುದಾದ ಕನಿಷ್ಠ ಮರ್ಯಾದೆ.