ಹೊಸ ಫೋನಿನ ಹೊಳಪು, ಮನೆಯ ಲೆಕ್ಕ

ಹಬ್ಬ ಹತ್ತಿರ ಬಂದಾಗ, ಮದುವೆ ಗೊತ್ತಾದಾಗ, ಮಕ್ಕಳು ಕಾಲೇಜು ಸೇರಿದಾಗ ಮನೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಹೊಸ ಫೋನು ಬೇಕು.’ ಹಿಂದೆ ಗಡಿಯಾರ, ರೇಡಿಯೋ, ಕ್ಯಾಮೆರಾ, ಟೇಪ್‌ರೆಕಾರ್ಡರ್ ಎಂದು ಬೇರೆ ಬೇರೆಯಾಗಿ ಕೊಳ್ಳುತ್ತಿದ್ದುದೆಲ್ಲ ಈಗ ಅಂಗೈಯಗಲದ ಒಂದೇ ಪೆಟ್ಟಿಗೆಯಲ್ಲಿ ಸೇರಿದೆ. ಸರಕನ್ನು ಮುಟ್ಟಿ, ತೂಗಿ, ಆಮೇಲೆ ಬೆಲೆ ಕಟ್ಟುವುದು ವ್ಯಾಪಾರಸ್ಥರಾದ ನಮಗೆ ಹೊಸದಲ್ಲ. ಅದೇ ತಕ್ಕಡಿಯಲ್ಲಿ ಒಂದು ಹೆಸರಾಂತ ಫೋನನ್ನು ಇಟ್ಟು ನೋಡೋಣ. ಆಪಲ್ ಕಂಪನಿ 2023ರ ಸೆಪ್ಟೆಂಬರ್ 12ರಂದು ಪ್ರಕಟಿಸಿ, ಅದೇ ತಿಂಗಳ 22ರಿಂದ ಮಾರಾಟಕ್ಕೆ ತಂದ ಐಫೋನ್ 15 ಇದಕ್ಕೆ ಒಳ್ಳೆಯ ಉದಾಹರಣೆ.

ಹೊರಮೈಯ ವಿಚಾರ

ಇದರ ತೂಕ 171 ಗ್ರಾಂ, ದಪ್ಪ 7.8 ಮಿಲಿಮೀಟರ್. ಚೌಕಟ್ಟು ಅಲ್ಯೂಮಿನಿಯಮ್ಮಿನದು. ಹಿಂಬದಿಯ ಗಾಜಿಗೆ ಮೇಲೆ ಬಣ್ಣ ಬಳಿದಿಲ್ಲ; ಬಣ್ಣವನ್ನು ಗಾಜಿನೊಳಗೇ ಬೆರೆಸಲಾಗಿದೆ. ಪರದೆ 6.1 ಇಂಚಿನದು. ಬಿಸಿಲಿನಲ್ಲಿ ಅದರ ಬೆಳಕು 2000 ನಿಟ್‌ವರೆಗೆ ಏರುವುದರಿಂದ ಅಂಗಡಿಯ ಹೊರಗೆ ನಿಂತು ನೋಡಿದರೂ ಅಕ್ಷರಗಳು ಕಾಣುತ್ತವೆ. ಐಪಿ68 ಎಂಬ ಗುರುತಿನ ಪ್ರಕಾರ 6 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬಲ್ಲದು. ಆದರೆ ಇದು ಪ್ರಯೋಗಾಲಯದ ಲೆಕ್ಕ; ನೀರು ಹೊಕ್ಕು ಕೆಟ್ಟರೆ ಕಂಪನಿಯ ವಾರಂಟಿ ಅದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು.

ದೊಡ್ಡ ಬದಲಾವಣೆ ಆದದ್ದು ಕೆಳಗಿನ ಸಣ್ಣ ಕಿಂಡಿಯಲ್ಲಿ. 2012ರ ಐಫೋನ್ 5ರಿಂದ ನಡೆದು ಬಂದಿದ್ದ ಲೈಟ್ನಿಂಗ್ ಕಿಂಡಿ ಹೋಗಿ, ಉಳಿದವರೆಲ್ಲ ಬಳಸುವ ಯುಎಸ್‌ಬಿ-ಸಿ ಬಂತು. ಇದರ ಹಿಂದೆ ಐರೋಪ್ಯ ಒಕ್ಕೂಟದ ಕಾನೂನಿನ ಒತ್ತಡವಿತ್ತು. ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂದು 2022ರಲ್ಲಿ ಆದ ಆ ಕಾನೂನು 2024ರ ಡಿಸೆಂಬರ್ 28ರಿಂದ ಜಾರಿಗೆ ಬಂತು. ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಬಗೆಯ ವಯರು ಇಡುವ ತಾಪತ್ರಯ ಇದರಿಂದ ಕಡಿಮೆಯಾಯಿತು. ಪೆಟ್ಟಿಗೆಯಲ್ಲಿ ಬರುವುದು ವಯರು ಮಾತ್ರ. ಚಾರ್ಜರ್ ಇಲ್ಲದಿದ್ದರೆ ಅದರ ಖರ್ಚು ಬೇರೆ.

ಕ್ಯಾಮೆರಾದ ಲೆಕ್ಕ

ಮುಖ್ಯ ಕ್ಯಾಮೆರಾ 48 ಮೆಗಾಪಿಕ್ಸೆಲ್ ಎನ್ನುತ್ತಾರೆ. ಹಿಂದಿನ ಐಫೋನ್ 14ರಲ್ಲಿ ಇದ್ದದ್ದು 12. ಹಾಗಾದರೆ ಚಿತ್ರ ನಾಲ್ಕು ಪಟ್ಟು ಚೆನ್ನಾಯಿತೇ? ಹಾಗಲ್ಲ. ಬೆಳಕು ಕಡಿಮೆಯಿದ್ದಾಗ ಅಕ್ಕಪಕ್ಕದ ನಾಲ್ಕು ಬಿಂದುಗಳು ಒಂದಾಗಿ ಕೆಲಸ ಮಾಡುತ್ತವೆ. ನಾಲ್ಕು ಚಿಕ್ಕ ಬಟ್ಟಲಿನ ನೀರನ್ನು ಒಂದು ಕೊಡಕ್ಕೆ ಸುರಿದಂತೆ, ಬೆಳಕು ಹೆಚ್ಚು ಒಟ್ಟಾಗುತ್ತದೆ. ಸಾಮಾನ್ಯವಾಗಿ ಕೈಗೆ ಬರುವ ಚಿತ್ರ 24 ಮೆಗಾಪಿಕ್ಸೆಲ್ಲಿನದು. ಎರಡು ಪಟ್ಟು ಹತ್ತಿರ ತೋರಿಸುವಾಗ ನಡುವಿನ 12 ಮೆಗಾಪಿಕ್ಸೆಲ್ ಭಾಗವನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ಮನುಷ್ಯರ ಚಿತ್ರ ತೆಗೆದ ಮೇಲೂ, ಯಾರ ಮುಖ ಸ್ಪಷ್ಟವಾಗಿರಬೇಕು ಎಂದು ಆಮೇಲೆ ಬದಲಿಸಬಹುದು. ಅಜ್ಜಿಯ ಮುಖ ಮಸುಕಾಗಿ ಹಿಂದಿನ ತೋರಣ ಸ್ಪಷ್ಟವಾದ ಫೋಟೋಗಳು ಪ್ರತಿ ಮನೆಯಲ್ಲೂ ಇವೆ. ಅಂಥವರಿಗೆ ಇದು ನಿಜವಾದ ಉಪಕಾರ.

ಜಾಗದ ಚಿಂತೆ

ಎಡವುವುದು ವಿಡಿಯೋದಲ್ಲಿ. ಅತಿ ಸ್ಪಷ್ಟವಾದ 4ಕೆ ವಿಡಿಯೋವನ್ನು ಸೆಕೆಂಡಿಗೆ 60 ಚೌಕಟ್ಟಿನಂತೆ ತೆಗೆದರೆ ಒಂದು ನಿಮಿಷಕ್ಕೆ ಸುಮಾರು 400 ಎಂಬಿ ಜಾಗ ಬೇಕು. ಒಂದು ಗಂಟೆಗೆ 24 ಜಿಬಿ; ಮೂರು ಗಂಟೆಯ ಮದುವೆಗೆ 72 ಜಿಬಿ. ಕಡಿಮೆ ಬೆಲೆಯ ಮಾದರಿಯ ಒಟ್ಟು ಜಾಗವೇ 128 ಜಿಬಿ, ಮೆಮೊರಿ ಕಾರ್ಡ್ ಹಾಕುವ ಅವಕಾಶವಿಲ್ಲ. ಅದೇ ವಿಡಿಯೋವನ್ನು 1080ಪಿ, 30 ಚೌಕಟ್ಟಿಗೆ ಇಳಿಸಿಕೊಂಡರೆ ನಿಮಿಷಕ್ಕೆ ಸುಮಾರು 60 ಎಂಬಿ ಸಾಕು. ಮನೆಯ ಟಿವಿಯಲ್ಲಿ ನೋಡಲು ಇದು ಧಾರಾಳವಾಯಿತು. ಇನ್ನು ಈ ಮಾದರಿಯ ಯುಎಸ್‌ಬಿ-ಸಿ ಕಿಂಡಿಯ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. 10 ಗಿಗಾಬಿಟ್ ವೇಗವನ್ನು ದುಬಾರಿ ಪ್ರೊ ಮಾದರಿಗೆ ಮೀಸಲಿಟ್ಟರು. ಕಿಂಡಿ ಒಂದೇ ರೂಪದ್ದಾದರೂ ಗುಣ ಒಂದೇ ಅಲ್ಲ.

ನಮ್ಮ ಮಣ್ಣಿನ ನಂಟು

ಹೊಸೂರಿನ ಕಡೆಯ ಓದುಗರಿಗೆ ಈ ಫೋನು ಪರದೇಶದ ವಸ್ತುವಾಗಿ ಉಳಿದಿಲ್ಲ. ಹೊಸೂರಿನ ಸಮೀಪದ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಐಫೋನಿನ ಹೊರಕವಚದ ಭಾಗಗಳು ತಯಾರಾಗುತ್ತವೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದ ಜೋಡಣಾ ಕಾರ್ಖಾನೆಯನ್ನೂ 2023ರಲ್ಲಿ ಟಾಟಾದವರೇ ಕೊಳ್ಳಲು ಒಪ್ಪಂದ ಮಾಡಿಕೊಂಡರು.

ಬೆಲೆಯ ಪಾಠ

ಬಿಡುಗಡೆಯಾದಾಗ 128 ಜಿಬಿಯ ಬೆಲೆ 79,900 ರೂಪಾಯಿ. ಅದರೊಳಗೆ 18% ಜಿಎಸ್‌ಟಿಯೇ ಸುಮಾರು 12,188 ರೂಪಾಯಿ. ಮರುವರ್ಷ, 2024ರ ಸೆಪ್ಟೆಂಬರಿನಲ್ಲಿ ಐಫೋನ್ 16 ಬಂದೊಡನೆ ಕಂಪನಿಯೇ ಇದರ ಬೆಲೆಯನ್ನು 69,900ಕ್ಕೆ ಇಳಿಸಿತು. ಫೋನಿನ ಗುಣ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ‘ಹೊಸತು’ ಎಂಬ ಹೆಸರಿಗೆ ಕೊಟ್ಟಿದ್ದ ಹತ್ತು ಸಾವಿರ ಮಾತ್ರ ಕರಗಿತ್ತು. ಕಂತಿನಲ್ಲಿ ಕೊಂಡವರ ಸಾಲ ತೀರುವ ಮೊದಲೇ ಸರಕಿನ ಬೆಲೆ ಇಳಿದರೆ ಅದನ್ನು ಯಾವ ಖಾತೆಗೆ ಬರೆಯುವುದು?

ಆದ್ದರಿಂದ ಮಕ್ಕಳು ಹೊಸ ಫೋನು ಕೇಳಿದಾಗ ಗದರಿಸುವುದೂ ಬೇಡ, ಕೂಡಲೇ ಗಲ್ಲಾಪೆಟ್ಟಿಗೆ ತೆರೆಯುವುದೂ ಬೇಡ. ಜೊತೆಗೆ ಕೂತು ಮೂರು ಪ್ರಶ್ನೆ ಕೇಳಿ: ಕೈಯಲ್ಲಿರುವ ಫೋನು ಯಾವ ಕೆಲಸ ಮಾಡುತ್ತಿಲ್ಲ? ಹೊಸದು ಆ ಕೆಲಸ ಮಾಡುತ್ತದೆಯೇ? ಆರು ತಿಂಗಳು ಕಾದರೆ ನಷ್ಟವೇನು? ಉತ್ತರ ಸರಿಯಿದ್ದರೆ ಕೊಳ್ಳಿರಿ. ಕೊಂಡ ಮೇಲೆ ಹಿರಿಯರ ಫೋಟೋ, ಮಕ್ಕಳ ವಿಡಿಯೋ, ಅಂಗಡಿಯ ಲೆಕ್ಕ ಇವನ್ನೆಲ್ಲ ಫೋನಿನಲ್ಲಷ್ಟೇ ಬಿಡದೆ ಇನ್ನೊಂದು ಕಡೆಯೂ ಇಡಿರಿ. ಫೋನು ಕಳೆದರೆ ಮತ್ತೊಂದು ತರಬಹುದು, ಅಗಲಿದ ಹಿರಿಯರ ಧ್ವನಿಯನ್ನು ಯಾವ ಅಂಗಡಿಯಿಂದಲೂ ತರಲಾಗದು.